ಒಲೆ ಮುಟ್ಟಿ ನೋಡುವ ಕೆಲಸ

"ನನ್ ಒಲೆಗೆ ಕೈ ಇಟ್ಟು ನನ್ ಮನೇನೇ ಕಿತ್ಕೊಂಡ್ಯಲ್ಲೇ, ನಿನ್ ಕೈ ಸೇದೋಗ!"

"ಏಯ್, ಬಾಯಿ ಬಿಗಿ ಹಿಡಿ! ಇದು ಸರ್ಕಾರದ ಕಚೇರಿ, ಸಂತೆಯಲ್ಲ."

"ಸಂತೇಲಾದ್ರೆ ತಕ್ಕಡಿನಾದ್ರೂ ಇರ್ತದೆ ಸ್ವಾಮಿ. ಇಲ್ಲೇನಿದೆ?"

ಚಾಮರಾಜಪೇಟೆಯ ಮನೆ ಹಂಚಿಕೆ ಕಚೇರಿಯಲ್ಲಿ ಬೆಳಗಿನ ಕಸ ಇನ್ನೂ ಗುಡಿಸಿ ಮುಗಿದಿರಲಿಲ್ಲ. ಬಸವಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಜಿನ ಮುಂದೆ ನಿಂತಿದ್ದಳು. ವಯಸ್ಸು ಐವತ್ತು ದಾಟಿತ್ತು, ಹಣೆಯ ತುಂಬ ವಿಭೂತಿ. ಬಯ್ಯುತ್ತಿದ್ದದ್ದು ಗೋಡೆಗೊರಗಿ ನಿಂತಿದ್ದ ಗೋದಾಳನ್ನು. ಉತ್ತರ ಕೊಡುತ್ತಿದ್ದವರು ಗೋದಾಳಿಗೆ ಕೆಲಸ ಕಲಿಸಿದ ಹಿರಿಯ ತಪಾಸಣೆಗಾರ ಚಂದ್ರಶೇಖರಯ್ಯ.

"ಕೊಟ್ಟ ಮನೇಲಿ ನೀವು ವಾಸವಿಲ್ಲ ಅಂತ ವರದಿ ಬಂತು. ರದ್ದಾಯ್ತು. ಬೇರೆಯವರಿಗೆ ಕೊಟ್ಟೂ ಆಯ್ತು. ಇನ್ನೇನಮ್ಮ ನಿಂದು?"

"ವಾಸ ಇಲ್ದಿದ್ರೆ ನಿನ್ನೆ ನಿಮ್ಮ ಜವಾನ್ರು ಬೀದಿಗೆ ಎತ್ತಾಕಿದ್ರಲ್ಲ, ಆ ಚಾಪೆ ಯಾರದು? ನಿಮ್ಮಪ್ಪಂದಾ?"

"ಒಂದು ಚಾಪೆ ಹಾಸಿ ಮನೆ ಹಿಡ್ಕೊಂಡಿರೋರನ್ನ ನಾನು ಕಂಡಿದೀನಿ. ನೀನೇ ಅಂದ್ಯಂತಲ್ಲ, ಈಗ ತಾನೆ ಮುದ್ದೆ ಮಾಡ್ಕೊಂಡು ಉಂಡ್ವಿ ಅಂತ? ಒಲೆ ತಣ್ಣಗೆ ಕಲ್ಲಾಗಿತ್ತು. ಮುದ್ದೆ ಎಲ್ಲಿ ಬೇಯಿಸ್ದೆ, ಅಂಗೈ ಮೇಲಾ?"

ಗುಮಾಸ್ತರು ನಕ್ಕರು. ಬಸವಮ್ಮ ಅವರ ಕಡೆ ನೋಡಲಿಲ್ಲ. ಸೆರಗು ಬಿಡಿಸಿ ಹೆಗಲ ಮೇಲೆ ಹೊದ್ದುಕೊಂಡು ಗೋದಾಳ ಹತ್ತಿರ ಬಂದಳು. ಅವಳ ದನಿ ಇಳಿಯಿತು.

"ಉಂಡ್ವಿ ಅಂದಿದ್ದು ಸುಳ್ಳು ಕಣವ್ವ. ಮನೇಲಿ ಹಿಟ್ಟಿರ್ಲಿಲ್ಲ. ನಮ್ಮೆಜಮಾನ್ರಿಗೆ ಉಬ್ಬಸ ಬಂದು ಚಿಕ್ಕಪೇಟೆ ಜವಳಿ ಅಂಗಡಿ ಕೆಲ್ಸ ಹೋಯ್ತು. ಮಧ್ಯಾಹ್ನ ಮಠದಾಗೆ ಪಂಕ್ತಿಗೆ ಕೂತ್ಕೋತೀವಿ, ರಾತ್ರಿ ನೀರು ಕುಡ್ದು ಮಲಗ್ತೀವಿ. ಒಲೆ ಯಾತಕ್ಕೆ ಹಚ್ಲಿ? ಮನೆಗೆ ಬಂದ ಹೆಣ್ಮಗಳು ನೀನು. ಉಂಡಿಲ್ಲ ಅಂತ ನಿನ್ನೆದ್ರಿಗೆ ಹೆಂಗಂದೇನು?"

ಯಾರೂ ನಗಲಿಲ್ಲ. ಚಂದ್ರಶೇಖರಯ್ಯ ಮೂಗಿಗೆ ನಶ್ಯ ಏರಿಸಿ ಬೇರೆ ಕಡೆ ತಿರುಗಿದರು.

ಗೋದಾಳಿಗೆ ಈ ಕೆಲಸ ಸಿಕ್ಕಿದ್ದು ಅವಳು ಹೆಂಗಸು ಎಂಬ ಒಂದೇ ಕಾರಣಕ್ಕೆ. ಯುದ್ಧ ಮುಗಿದ ಮೇಲೆ ಬೆಂಗಳೂರಿಗೆ ಜನ ನುಗ್ಗಿದ್ದರು. ಮನೆಗಳು ಮಾತ್ರ ಹಿಂದಿನಷ್ಟೇ ಇದ್ದವು. ಸರ್ಕಾರ ಚಾಮರಾಜಪೇಟೆಯ ಅಂಚಿನಲ್ಲಿ ಬಡವರಿಗೆಂದು ಹೆಂಚಿನ ಮನೆಗಳ ಸಾಲು ಕಟ್ಟಿಸಿತು. ಒಂದು ಕೋಣೆ, ಒಂದು ಅಡುಗೆಮನೆ, ಸಾಲಿಗೊಂದು ನಲ್ಲಿ. ಅಷ್ಟಕ್ಕೇ ಊರೆಲ್ಲ ಬಾಯಿ ಬಿಟ್ಟಿತು. ಬಸವನಗುಡಿಯಲ್ಲಿ ಸ್ವಂತ ಮನೆಯಿದ್ದವರೂ ಬಡವರಾಗಿ ಬಂದು ಮನೆ ಹಿಡಿದರು, ಒಳಗೆ ಹುಣಿಸೇಹಣ್ಣಿನ ಮೂಟೆ ಪೇರಿಸಿದರು. ತಪಾಸಣೆಗೆ ಹೋದ ಗಂಡಸರನ್ನು ಯಾರೂ ಅಡುಗೆಮನೆಗೆ ಬಿಡಲಿಲ್ಲ. ಮಡಿ ಎಂದರು, ಬಾಣಂತಿ ಇದ್ದಾಳೆ ಎಂದರು. ಅದಕ್ಕೇ ಲೋಯರ್ ಸೆಕೆಂಡರಿ ಓದಿ, ಗಂಡ ಸತ್ತು, ಮಲ್ಲೇಶ್ವರದ ವಠಾರದಲ್ಲಿ ತಾಯಿಯ ಜೊತೆಗಿದ್ದ ಗೋದಾಳನ್ನು ತಾತ್ಕಾಲಿಕವಾಗಿ ತೆಗೆದುಕೊಂಡರು.

ಕೆಲಸ ಹೇಗೆ ಮಾಡಬೇಕೆಂದು ಹೇಳುವ ಪುಸ್ತಕ ಯಾವುದೂ ಇರಲಿಲ್ಲ. ಚಂದ್ರಶೇಖರಯ್ಯನವರೂ ಪುಸ್ತಕದಿಂದ ಕಲಿತವರಲ್ಲ. ಅವರು ಮೊದಲು ರೇಷನ್ ಚೀಟಿ ತಪಾಸಣೆಯಲ್ಲಿದ್ದು, ಸತ್ತವರ ಹೆಸರಿನಲ್ಲಿ ಅಕ್ಕಿ ತಿನ್ನುವವರನ್ನು ಹಿಡಿದು ಹಿಡಿದು ಯಾರನ್ನೂ ನಂಬದ ಗುಣ ಬೆಳೆಸಿಕೊಂಡವರು. ಮೊದಲ ದಿನ ಗೋದಾಳನ್ನು ಬಿಸಿಲಲ್ಲಿ ನಡೆಸಿಕೊಂಡು ಹೋಗುತ್ತ ಹೇಳಿದರು:

"ಗೋದಮ್ಮ, ಜನ ಸುಳ್ಳು ಹೇಳ್ತಾರೆ. ಅದು ತಪ್ಪಲ್ಲ, ಮನೆ ಬೇಕಲ್ಲ ಅವರಿಗೂ. ಆದ್ರೆ ನಿಮ್ಮ ಕಿವಿ ಕೇಳೋಕಲ್ಲ, ಕೈ ನೋಡೋಕೆ. ಸೀದಾ ಅಡುಗೆಮನೆಗೆ ಹೋಗಿ. ಉಳಿದಿದ್ದೆಲ್ಲ ಆಮೇಲೆ, ಮೊದಲು ಒಲೆ. ಬೂದೀನ ಎರವಲು ತರಬಹುದು, ಬಿಸಿ ತರೋಕಾಗಲ್ಲ."

ಆ ಮಾತು ನಿಜವಾಗಿತ್ತು. ಒಂದು ಮನೆಯಲ್ಲಿ ದೇವರ ದೀಪ ಉರಿಯುತ್ತಿತ್ತು, ಹಗ್ಗದ ಮೇಲೆ ಸೀರೆ ಒಣಗುತ್ತಿತ್ತು, ಮೂಲೆಯಲ್ಲಿ ಒಬ್ಬ ಅಜ್ಜಿ ಬತ್ತಿ ಹೊಸೆಯುತ್ತಿದ್ದರು. ಗೋದಾ ಒಲೆಯ ಬೂದಿಯೊಳಗೆ ಕೈ ಇಟ್ಟಳು. ಮೇಲೆ ಹೊಸ ಬೂದಿ, ಕೆಳಗೆ ಕೊಟ್ಟಿಗೆಯ ನೆಲದಂತೆ ತಣ್ಣಗೆ.

"ಉಪ್ಪಿನ ಮರಿಗೆ ಎಲ್ಲಿದೆ ಅಜ್ಜಿ?" ಎಂದಳು.

ಅಜ್ಜಿ ಅತ್ತಿತ್ತ ನೋಡಿ, "ನಂಗೇನು ಗೊತ್ತು ಮಗು, ನನ್ನ ಬೆಳಿಗ್ಗೆ ಜಟಕಾದಲ್ಲಿ ಕರ್ಕೊಂಡು ಬಂದು ಕೂರಿಸಿದ್ರು" ಎಂದುಬಿಟ್ಟರು.

ಕಚೇರಿಯಲ್ಲಿ ಅದು ವಾರಗಟ್ಟಲೆ ನಗೆಯಾಯಿತು. "ಎರವಲು ಅಜ್ಜೀನ ಹಿಡಿದೋಳು" ಎಂದು ಚಂದ್ರಶೇಖರಯ್ಯ ಎಲ್ಲರಿಗೂ ಗೋದಾಳನ್ನು ತೋರಿಸುತ್ತಿದ್ದರು. ಹೊಗಳಿಕೆ ಕೆಟ್ಟದ್ದು. ಅದಾದ ಮೇಲೆ ಅವಳ ಕೈ ಎಲ್ಲಕ್ಕಿಂತ ಮುಂಚೆ ಒಲೆಗೆ ಹೋಗತೊಡಗಿತು. ಕಣ್ಣು ಹಿಂದೆ ಬಿತ್ತು.

ಬಸವಮ್ಮನ ಮನೆಯಲ್ಲಿ ಆದದ್ದೂ ಅದೇ. ಗೋಡೆಯ ಮೇಲೆ ಗಂಡ ಹೆಂಡತಿ ಒರಗಿ ಕೂರುವ ಜಾಗದಲ್ಲಿ ತಲೆಯೆಣ್ಣೆಯ ಎರಡು ಕಲೆಗಳಿದ್ದವು. ಒಂದು ಕಲೆ ಮೇಲೆ, ಒಂದು ಕೆಳಗೆ. ಹೊಸ್ತಿಲ ಅರಿಶಿನ ಸವೆದಿತ್ತು. ಮೂಲೆಯಲ್ಲಿ ಬೀಸುವ ಕಲ್ಲಿತ್ತು. ಅವನ್ನೆಲ್ಲ ಗೋದಾ ಕಂಡಳು. ಆದರೆ ಬಸವಮ್ಮ ನಗುನಗುತ್ತ "ಬಾರವ್ವ, ಒಂಚೂರು ಮುಂಚೆ ಬಂದಿದ್ರೆ ನಿಂಗೂ ಇಕ್ತಿದ್ದೆ, ಈಗ ತಾನೆ ಮುದ್ದೆ ಮಾಡ್ಕೊಂಡು ಉಂಡ್ವಿ" ಎಂದಳು. ಗೋದಾ ಒಲೆ ಮುಟ್ಟಿದಳು. ಒಲೆಯ ಬಾಯಲ್ಲಿ ಜೇಡ ಬಲೆ ಕಟ್ಟಿತ್ತು. ಒಂದು ಮಾತು ಸುಳ್ಳೆಂದಮೇಲೆ ಎಲ್ಲವೂ ಸುಳ್ಳೆಂದು ಅವಳಿಗೆ ಕಲಿಸಿದ್ದರು. "ಅಡುಗೆ ಮಾಡುವುದಿಲ್ಲ, ವಾಸವಿಲ್ಲ" ಎಂದು ಬರೆದುಕೊಟ್ಟಳು. ನೋಟೀಸು ಅಂಟಿಸಿದಾಗ ಅದರಲ್ಲಿ ಏನಿದೆಯೆಂದು ಓದುವ ಶಕ್ತಿ ಬಸವಮ್ಮನಿಗಿರಲಿಲ್ಲ. ಗಂಡ ಮಲ್ಲಿಕಾರ್ಜುನಯ್ಯ ಆ ವಾರ ಉಬ್ಬಸ ಹೆಚ್ಚಾಗಿ ಮೇಲೇಳುವ ಸ್ಥಿತಿಯಲ್ಲಿರಲಿಲ್ಲ.

ಆ ಸುಳ್ಳನ್ನು ಗೋದಾ ಗುರುತಿಸಬೇಕಿತ್ತು. ಅವಳ ತಾಯಿ ರಂಗನಾಯಕಿ ವಠಾರದ ಹೆಂಗಸರಿಗೆ ತಿಂಗಳ ಕೊನೆಯಲ್ಲಿ ಹೇಳುತ್ತಿದ್ದದ್ದೂ ಅದನ್ನೇ: ನಮ್ಮದು ಆಗಲೇ ಊಟ ಆಯ್ತಮ್ಮ. ಹೇಳಿ ಒಳಗೆ ಬಂದು ಒಂದು ಲೋಟ ನೀರು ಕುಡಿಯುತ್ತಿದ್ದರು.

"ಸಾರ್, ನನ್ನ ವರದಿ ತಪ್ಪು" ಎಂದಳು ಗೋದಾ.

"ಈಗ ಯಾಕೆ ತಪ್ಪು? ಅವಳು ಅತ್ಲು ಅಂತ್ಲಾ? ಅಳೋಕೆ ಯಾರಿಗೆ ಬರಲ್ಲ?" ಚಂದ್ರಶೇಖರಯ್ಯನವರ ಮುಖ ಕೆಂಪಾಗಿತ್ತು. "ಇವತ್ತು ನೀವು ತಪ್ಪು ಅನ್ನಿ, ನಾಳೆ ನಾವು ಬಿಡಿಸಿದ ಮನೆಯೋರೆಲ್ಲ ಬಂದು ಇಲ್ಲಿ ಕೂತ್ಕೋತಾರೆ."

"ಕೂತ್ಕೊಳ್ಳಲಿ. ನೀವು ಒಲೆ ಮುಟ್ಟೋಕೆ ಹೇಳಿಕೊಟ್ರಿ. ಹೊಟ್ಟೆಗಿಲ್ದೆ ಒಲೆ ಆರಿದ್ರೆ ಹೇಗೆ ಗೊತ್ತಾಗುತ್ತೆ ಅಂತ ಹೇಳಿಕೊಟ್ರಾ?"

"ನಂಗೆ ಯಾರು ಹೇಳಿಕೊಟ್ಟಿದ್ರಮ್ಮ?" ಎಂದರು ಚಂದ್ರಶೇಖರಯ್ಯ. ಸಿಟ್ಟು ಇನ್ನೂ ಇತ್ತು, ಜೋರು ಮಾತ್ರ ಹೋಗಿತ್ತು. "ನಾಳೆ ಶುಕ್ರವಾರ ಹೊಸಬರು ಹಾಲುಕ್ಕಿಸ್ತಾರೆ. ಆಮೇಲೆ ಬ್ರಹ್ಮ ಬಂದ್ರೂ ಆಗಲ್ಲ. ಏನಾದ್ರೂ ಮಾಡೋದಾದ್ರೆ ಈಗಲೇ ಸಾಹೇಬರ ಹತ್ರ ಹೋಗಿ."

ಹಾಲಿನ ವಿಷಯವೂ ಅವರೇ ಕಲಿಸಿದ್ದು. ಯಾವ ಕಾನೂನಿನಲ್ಲೂ ಅದು ಇರಲಿಲ್ಲ. ಹೊಸದಾಗಿ ಬಂದವರು ಒಲೆ ಹಚ್ಚಿ ಹಾಲು ಉಕ್ಕಿಸಿದರೆ ಮನೆ ಅವರದ್ದು. ಆಮೇಲೆ ಕಚೇರಿ ಕೈ ಹಾಕುವುದಿಲ್ಲ. ಹಿಂದೊಬ್ಬ ಅಧಿಕಾರಿ ಹಾಲುಕ್ಕಿಸಿದ ಸಂಸಾರವನ್ನು ಹೊರಗೆ ಹಾಕಿಸಿದ್ದರಂತೆ. ಆ ಮನೆಯಾಕೆ ಕಚೇರಿಯ ಬಾಗಿಲಲ್ಲಿ ನಿಂತು ಹಿಡಿಮಣ್ಣು ತೂರಿ ಶಾಪ ಹಾಕಿದಳಂತೆ. ಅಧಿಕಾರಿ ಹಾಸಿಗೆ ಹಿಡಿದವರು ಏಳಲೇ ಇಲ್ಲವಂತೆ. ನಿಜವೋ ಸುಳ್ಳೋ, ಕೋಟು ಹಾಕಿದವರಿಗೂ ಭಯ ಇತ್ತು. ಮನೆ ಸಿಕ್ಕ ಜನಕ್ಕೂ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು.

ಸಾಹೇಬರು ಬದರೀನಾರಾಯಣ ರಾಯರು ಗೋದಾ ಹೇಳಿದ್ದನ್ನೆಲ್ಲ ಕೇಳಿದರು.

"ತಪ್ಪು ವರದಿ ಅಂತ ಬರೆದುಕೊಟ್ರೆ ನಿಮ್ಮ ಕೆಲ್ಸ ಉಳಿಯೋದು ಕಷ್ಟ. ತಾತ್ಕಾಲಿಕದವರು ನೀವು. ಗೊತ್ತಲ್ಲ?"

"ಗೊತ್ತು ಸಾರ್."

"ಹೊಸಬರು ಒಪ್ಪಿ ಬೀಗದಕೈ ವಾಪಸ್ ಕೊಟ್ಟು ಸಂಜೆಯೊಳಗೆ ಅದು ನನ್ನ ಮೇಜಿನ ಮೇಲೆ ಬಂದ್ರೆ, ಹಳಬರಿಗೆ ಮನೆ ಬರೆದುಕೊಡ್ತೀನಿ. ಹಾಲುಕ್ಕಿದ ಮೇಲೆ ಮಾತ್ರ ನನ್ನ ಹತ್ರ ಬರಬೇಡಿ."

ಬಸವಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಗೋದಾ ವಿಷಯ ಹೇಳಿದಳು. "ನೀವು ಮನೆ ಜಗುಲಿ ಮೇಲೇ ಇರಿ. ನಾನು ಬೀಗದಕೈ ತರ್ತೀನಿ."

"ತರ್ತೀಯಾ?"

"ತರ್ತೀನಿ."

"ನಮ್ಮೆಜಮಾನ್ರು ರಾತ್ರಿಯೆಲ್ಲ ಬಯಲಾಗೆ ಕೆಮ್ಮಿದ್ರು ಕಣವ್ವ. ಇನ್ನೊಂದು ರಾತ್ರಿ ತಡೆಯಾಕಿಲ್ಲ. ಸುಳ್ಳು ಹೇಳಬಾರ್ದಿತ್ತು ನಾನು. ಹಸ್ದಿದೀವಿ ಅಂತ ಅಂದುಬಿಟ್ಟಿದ್ರೆ ಆಗ್ತಿತ್ತು."

ಗೋದಾ ಕಲಾಸಿಪಾಳ್ಯದ ಕಡೆ ನಡೆದಳು.

ಹೊಸದಾಗಿ ಮನೆ ಸಿಕ್ಕಿದ್ದು ಚೂಡಾಮಣಿಗೆ. ಅವಳ ಗಂಡ ಶೀನಣ್ಣ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವನು. ಕಲಾಸಿಪಾಳ್ಯದ ತರಕಾರಿ ಮಂಡಿಯ ಹಿಂದೆ, ಕೊಳೆತ ಎಲೆಕೋಸಿನ ರಾಶಿಯ ಪಕ್ಕದಲ್ಲಿ ಗೋಣಿತಾಟು ಕಟ್ಟಿ ಇಬ್ಬರೂ ಬದುಕುತ್ತಿದ್ದರು. ಬೀಗದಕೈ ಕೊಟ್ಟವಳು ಗೋದಾಳೇ. ಚೂಡಾಮಣಿಗೆ ದಿನ ತುಂಬಿತ್ತು. ಗೋದಾಳನ್ನು ಕಂಡು ಎದ್ದು ನಿಲ್ಲಲು ಗೋಡೆ ಹಿಡಿಯಬೇಕಾಯಿತು.

"ಬನ್ನಿ ಅಕ್ಕ, ನಾಳೆ ಬೆಳಿಗ್ಗೆ ಹಾಲುಕ್ಕಿಸೋವಾಗ ನೀವೂ ಬರಬೇಕು ಅಂತಿದ್ದೆ."

ಗೋದಾ ನಿಂತೇ ಎಲ್ಲ ಹೇಳಿದಳು. ಬೈಗುಳ ಬರುತ್ತದೆಂದು ಕಾದಳು. ಚೂಡಾಮಣಿ ಬಯ್ಯಲಿಲ್ಲ. ಮೂರು ಕಲ್ಲಿಟ್ಟ ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು; ಅದರ ಕಡೆ ಕೈ ತೋರಿಸಿದಳು.

"ಮುಟ್ಟಿ ನೋಡಿ ಅಕ್ಕ. ನಂದು ಬಿಸಿಯಾಗಿದೆ. ಮನೆ ಇಲ್ಲ, ಒಲೆ ಇದೆ. ಇಲ್ಲಿ ಹೆರಬೇಕಾ ನಾನು? ಹೋದ ಸಲದ್ದನ್ನ ಇಲ್ಲೇ ಹೆತ್ತೆ. ಇಲಿ ಬಂತು. ಮುಂದಿನದ್ದು ಕೇಳಬೇಡಿ."

ಗೋದಾ ಗಂಜಿಯನ್ನು ನೋಡುತ್ತ ನಿಂತಳು. "ಮುಂದೆ ಖಾಲಿಯಾಗೋ ಮನೆ ನಿಮ್ಗೇ. ನಾನು ಸಾಹೇಬರ ಹತ್ರ ಬರೆಸಿಕೊಡ್ತೀನಿ. ಆ ಮುದುಕರು ಸತ್ತೋಗ್ತಾರೆ ಚೂಡಾಮಣಿ. ನನ್ನ ತಪ್ಪು. ನಿಮ್ಮ ಕಾಲು ಹಿಡ್ಕೋತೀನಿ."

"ಅಯ್ಯೋ, ಬಿಡಿ ಅಕ್ಕ, ಏನಿದು!" ಚೂಡಾಮಣಿ ಕಾಲು ಹಿಂದೆ ತೆಗೆದಳು. ಗಂಜಿಯನ್ನು ಒಮ್ಮೆ ಕಲಕಿದಳು. "ನಮ್ಮೋರು ಕೆಲ್ಸದಿಂದ ಬರ್ಲಿ. ಅವರನ್ನ ಕೇಳದೆ ನಾನು ಹೆಂಗೆ ಕೊಡ್ಲಿ? ಸಂಜೆ ಬನ್ನಿ. ಕೊಟ್ಟುಬಿಡ್ತೀವಿ."

ಯಾರ ಮಾತನ್ನೂ ನಂಬಬಾರದೆಂದು ಕಲಿತ ಗೋದಾ ಆ ದಿನ ಈ ಮಾತನ್ನು ನಂಬಿದಳು. ನಂಬದೆ ಬೇರೆ ದಾರಿಯಿರಲಿಲ್ಲ. ಕಚೇರಿಗೆ ವಾಪಸು ಹೋಗಿ, ತನ್ನ ವರದಿ ತಪ್ಪೆಂದು ಕೈಯಾರೆ ಬರೆದು ಸಾಹೇಬರಿಗೆ ಕೊಟ್ಟಳು. ಚಂದ್ರಶೇಖರಯ್ಯ ಅದನ್ನು ದೂರದಿಂದ ನೋಡಿ ಹಲ್ಲು ಕಚ್ಚಿದರು. ಆಮೇಲೆ ಎದ್ದು ಬಂದು ಸಾಹೇಬರ ಬಾಗಿಲ ಮುಂದೆ ಬೆಂಚು ಹಾಕಿಸಿಕೊಂಡು ಕೂತರು.

"ಸಾಹೇಬರು ಮನೆಗೆ ಹೋಗದ ಹಾಗೆ ನೋಡ್ಕೋತೀನಿ. ನೀವು ಬೇಗ ಹೋಗಿ ತನ್ನಿ" ಎಂದರು. ಮುಖ ಮಾತ್ರ ಸಿಡಿಮಿಡಿಯಾಗಿಯೇ ಇತ್ತು.

ಬಿಸಿಲು ಇಳಿಯುವ ಹೊತ್ತಿಗೆ ಗೋದಾ ಮತ್ತೆ ಮಂಡಿಯ ಹಿಂದೆ ಬಂದಳು. ಗೋಣಿತಾಟು ಇರಲಿಲ್ಲ. ಪಾತ್ರೆ ಪಡಗ ಇರಲಿಲ್ಲ. ಮೂರು ಕಲ್ಲುಗಳಷ್ಟೇ ಇದ್ದವು. ಅವಳು ಬಗ್ಗಿ ಕೈ ಇಟ್ಟಳು.

ಕಲ್ಲು ಸುಡುತ್ತಿತ್ತು.

ಹೋಗಿ ಬಹಳ ಹೊತ್ತಾಗಿಲ್ಲ. ನಾಳೆಯ ಮುಹೂರ್ತಕ್ಕೆ ಚೂಡಾಮಣಿ ಕಾಯಲಿಲ್ಲ. ತಾನು ಬಂದು ಕಾಲು ಹಿಡಿಯದೆ ಇದ್ದಿದ್ದರೆ ಅವಳು ಶುಕ್ರವಾರದವರೆಗೆ ಇಲ್ಲೇ ಇರುತ್ತಿದ್ದಳು ಎಂಬುದು ಗೋದಾಳಿಗೆ ಓಡುತ್ತಿರುವಾಗ ಹೊಳೆಯಿತು. ಜಟಕಾದವನೊಬ್ಬ "ಯಾರಾದ್ರೂ ಹೋಗ್ಬಿಟ್ರೇನಮ್ಮ?" ಎಂದು ಕೂಗಿ ಕೇಳಿದ. ಅವಳು ನಿಲ್ಲಲಿಲ್ಲ. ಚಪ್ಪಲಿ ಕಿತ್ತುಹೋಯಿತು, ಅಲ್ಲೇ ಬಿಟ್ಟಳು.

ಸಾಲುಮನೆಗಳ ತಿರುವಿನಲ್ಲೇ ಹೊಗೆ ಕಂಡಿತು. ಬಸವಮ್ಮನ ಮನೆಯ ಹೆಂಚಿನ ಸಂದಿಯಿಂದ ಹೊಗೆ ಏಳುವುದನ್ನು ಗೋದಾ ಅವತ್ತೇ ಮೊದಲು ನೋಡಿದ್ದು.

ಜಗುಲಿಯ ಮೇಲೆ ಮಲ್ಲಿಕಾರ್ಜುನಯ್ಯ ಗೋಡೆಗೊರಗಿ ಉಸಿರೆಳೆಯುತ್ತಿದ್ದರು. ಒಂದು ಚಾಪೆ, ಒಂದು ಗಂಟು, ಬೀಸುವ ಕಲ್ಲು ಪಕ್ಕದಲ್ಲಿದ್ದವು. ಶೀನಣ್ಣ ಅವರ ಮುಂದೆ ತಲೆ ತಗ್ಗಿಸಿ ನಿಂತಿದ್ದ. ಬಸವಮ್ಮ ಬಾಗಿಲ ಚೌಕಟ್ಟು ಹಿಡಿದು ಒಳಗೆ ನೋಡುತ್ತಿದ್ದಳು.

ಗೋದಾ ಅವಳನ್ನು ದಾಟಿ ಅಡುಗೆಮನೆಗೆ ನುಗ್ಗಿದಳು. ಚೂಡಾಮಣಿ ಕಾಲು ಚಾಚಿ ಕೂತು ಊದುಗೊಳವೆಯಿಂದ ಊದುತ್ತಿದ್ದಳು. ಹೊಗೆಗೋ ಬೇರೆ ಯಾತಕ್ಕೋ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಇಳಿಸಿ ಅದನ್ನ! ಚೂಡಾಮಣಿ, ಸಾಹೇಬರು ಕಾಯ್ತಿದಾರೆ, ಇಳಿಸಿ!"

"ಇಳಿಸಲ್ಲ."

"ಕೊಡ್ತೀನಿ ಅಂದ್ರಲ್ಲ ನೀವು!"

"ಅಂದೆ. ನೀವು ನಂಬಿದ್ರಿ. ನಾನೇನು ಮಾಡ್ಲಿ ಅಕ್ಕ?"

ಪಾತ್ರೆಯ ಅಂಚಿನಲ್ಲಿ ಹಾಲು ಗುಳ್ಳೆ ಕಟ್ಟುತ್ತಿತ್ತು. ಗೋದಾ ಬಗ್ಗಿ ಉರಿಯುವ ಸೌದೆಗೆ ಕೈ ಹಾಕಿದಳು. ಹೊರಗೆಳೆದರೆ ಸಾಕಿತ್ತು. ಹಾಲು ಉಕ್ಕದಿದ್ದರೆ ಮನೆ ಇನ್ನೂ ಯಾರದೂ ಅಲ್ಲ.

"ಬಿಡವ್ವ."

ಬಸವಮ್ಮ ಬಾಗಿಲಿಂದಲೇ ಅಂದಳು.

"ಬಿಟ್ರೆ ಹೋಯ್ತು ಬಸವಮ್ಮನೋರೆ, ಎಲ್ಲ ಹೋಯ್ತು!"

"ಬಸುರಿ ಹಚ್ಚಿದ ಒಲೆ ಕಣವ್ವ. ಆರಿಸ್ಬೇಡ. ಕೈ ತೆಗಿ."

ಗೋದಾಳ ಕೈ ಸೌದೆಯ ಮೇಲೇ ಇತ್ತು. ಎಳೆಯಲಾಗಲಿಲ್ಲ, ಬಿಡಲೂ ಆಗಲಿಲ್ಲ. ಹಾಲು ಮೇಲೆದ್ದು, ಅಂಚು ದಾಟಿ, ಚುಂಯ್ ಎಂದು ಒಲೆಯ ಮೇಲೆ ಹರಿಯಿತು. ಸುಟ್ಟ ಹಾಲಿನ ವಾಸನೆ ಆ ಪುಟ್ಟ ಮನೆಯನ್ನೆಲ್ಲ ತುಂಬಿತು. ಆಗ ಗೋದಾ ಕೈ ತೆಗೆದಳು. ಅಂಗೈ ಕೆಂಪಾಗಿತ್ತು.

ಚೂಡಾಮಣಿ ಕಷ್ಟಪಟ್ಟು ಎದ್ದಳು. ಹಾಲುಕ್ಕಿದ ಮೇಲೆ ಮೊದಲ ಲೋಟವನ್ನು ಹಿರಿಯ ಮುತ್ತೈದೆಗೆ ಕೊಡಬೇಕು. ಆ ಹೊತ್ತಿಗೆ ಅಲ್ಲಿದ್ದ ಹಿರಿಯ ಮುತ್ತೈದೆ ಬಸವಮ್ಮ ಒಬ್ಬಳೇ. ಚೂಡಾಮಣಿ ಎರಡು ಲೋಟಕ್ಕೆ ಹಾಲು ಬಗ್ಗಿಸಿ ಬಾಗಿಲಿಗೆ ತಂದಳು.

"ತಗೊಳ್ಳಿ ಅಮ್ಮ. ಯಜಮಾನರಿಗೂ ಕೊಡಿ. ಶಾಪ ಹಾಕಬೇಡಿ."

ಮಲ್ಲಿಕಾರ್ಜುನಯ್ಯ ಲೋಟದ ಕಡೆ ನೋಡಿದರು. ಬಸವಮ್ಮ ಕಚೇರಿಯಿಂದ ಬಂದ ಮೇಲೆ ಅವರಿಬ್ಬರೂ ಜಗುಲಿ ಬಿಟ್ಟು ಕದಲಿರಲಿಲ್ಲ, ಮಠದ ಪಂಕ್ತಿಗೂ ಹೋಗಿರಲಿಲ್ಲ. ಬಸವಮ್ಮ ಚೂಡಾಮಣಿಯ ಹೊಟ್ಟೆಯ ಮೇಲೆ ಒಮ್ಮೆ ಕೈ ಇಟ್ಟು ತೆಗೆದಳು.

"ಶಾಪ ಯಾಕವ್ವ ಹಾಕ್ಲಿ. ಹಾಲು ಬೇಡ ಕಣವ್ವ. ಈಗ ತಾನೆ ಉಂಡ್ವಿ" ಎಂದಳು.

ಗೋದಾ ಗೋಡೆಯ ಕಡೆ ಮುಖ ತಿರುಗಿಸಿದಳು. ಎಣ್ಣೆಯ ಎರಡು ಕಲೆಗಳು ಅಲ್ಲೇ ಇದ್ದವು.

ಬಸವಮ್ಮ ಗಂಟು ಕಂಕುಳಿಗೆ ಇಟ್ಟುಕೊಂಡು, ಚಾಪೆ ಸುತ್ತಿ, ಗಂಡನ ರಟ್ಟೆ ಹಿಡಿದು ಎಬ್ಬಿಸಿದಳು. ಗೋದಾ ಹಿಂದೆ ಓಡಿದಳು.

"ಎಲ್ಲಿಗೆ ಹೋಗ್ತೀರ? ನಮ್ಮನೆಗೆ ಬನ್ನಿ. ಮಲ್ಲೇಶ್ವರದಲ್ಲಿ, ಒಂದೇ ಕೋಣೆ, ಆದ್ರೂ ಬನ್ನಿ. ಇನ್ನೊಂದು ಮನೆ ಖಾಲಿಯಾದ ತಕ್ಷಣ ನಾನೇ..."

"ಆಯ್ತವ್ವ" ಎಂದಳು ಬಸವಮ್ಮ, ಮಕ್ಕಳ ಮಾತಿಗೆ ಹೂಂ ಅನ್ನುವಂತೆ. "ಬೀಸೋ ಕಲ್ಲು ಇಲ್ಲೇ ಇರ್ಲಿ, ಎತ್ತಾಕಾಗಲ್ಲ. ನಾಳೆ ಬಂದು ಒಯ್ತೀನಿ."

ಇಬ್ಬರೂ ನಲ್ಲಿಯ ಹತ್ತಿರ ನಿಂತು ಸುಧಾರಿಸಿಕೊಂಡರು. ಮಲ್ಲಿಕಾರ್ಜುನಯ್ಯ ಕೆಮ್ಮಿ ಮುಗಿಸುವವರೆಗೆ ಬಸವಮ್ಮ ಅವರ ಬೆನ್ನು ನೀವಿದಳು. ಆಮೇಲೆ ಪೇಟೆಯ ಕಡೆ ತಿರುಗಿಕೊಂಡರು.

ಮರುದಿನ ಗೋದಾ ಜಗುಲಿಯ ಮೇಲೆ ಕಾದಳು. ಅದರ ಮರುದಿನವೂ ಕಾದಳು. ಮಠದಲ್ಲಿ ಕೇಳಿದಳು, ಚಿಕ್ಕಪೇಟೆಯ ಜವಳಿ ಅಂಗಡಿಯಲ್ಲಿ ಕೇಳಿದಳು. ಮಳೆಗಾಲದ ಹೊತ್ತಿಗೆ ಅದೇ ಸಾಲಿನ ಕೊನೆಯ ಮನೆ ಖಾಲಿಯಾಯಿತು. ಚಂದ್ರಶೇಖರಯ್ಯ ಯಾರ ಹತ್ತಿರವೋ ಜಗಳವಾಡಿ ಅದರ ಬೀಗದಕೈಯನ್ನು ಬಸವಮ್ಮನಿಗೆಂದು ತಮ್ಮ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದರು, ಆಗುವಷ್ಟು ದಿನ. ಬೀಸುವ ಕಲ್ಲು ಚೂಡಾಮಣಿಯ ಜಗುಲಿಯಲ್ಲಿ ಉಳಿಯಿತು. ಸಾಲಿನ ಹೆಂಗಸರೆಲ್ಲ ಅದರಲ್ಲೇ ರಾಗಿ ಬೀಸಿಕೊಂಡರು. ಒಯ್ಯಲು ಬಸವಮ್ಮ ಬರಲಿಲ್ಲ.